ಜಾಳಿ ತೆಗೆದ ಸೈಲೆನ್ಸರ್

1979ರ ಏಪ್ರಿಲ್ 15, ರವಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಆ ದಿನದ ನನ್ನ ದಿನಚರಿಯ ಮೊದಲ ಸಾಲು: 'ಭಾವ ಬಂದ. ಕಾಣುವ ಮೊದಲೇ ಕೇಳಿಸಿದ.'

ನಾವು ಹುಮನಾಬಾದಿನವರು. ಅಕ್ಕನನ್ನು ಬಸವಕಲ್ಯಾಣಕ್ಕೆ ಕೊಟ್ಟಿದ್ದೆವು, ಮದುವೆಯಲ್ಲಿ ಅಳಿಯನಿಗೆ ಹೊಸ ಮೋಟರ್‌ಸೈಕಲ್ಲನ್ನೂ ಕೊಟ್ಟಿದ್ದೆವು. ಹಾಗೆ ಕೊಟ್ಟ ಗಾಡಿ ಕೆಟ್ಟರೆ ನಮ್ಮ ಕಡೆ ದೂರು ಅಂಗಡಿಗೆ ಹೋಗುವುದಿಲ್ಲ, ಹೆಣ್ಣಿನ ತವರಿಗೆ ಬರುತ್ತದೆ. ಗಾಡಿ ಏರು ಹತ್ತುವುದಿಲ್ಲ, ಬೇರೆಯದು ಕೊಡುವವರೆಗೆ ಇವಳು ಇಲ್ಲೇ ಇರಲಿ ಎಂದು ಭಾವ ಯುಗಾದಿಯ ನಂತರ ಅಕ್ಕನನ್ನೂ ಕೂಸನ್ನೂ ನಮ್ಮಲ್ಲಿ ಬಿಟ್ಟು ಹೋಗಿದ್ದ. ಈಗ ಉತ್ತರ ಕೇಳಲು ಬಂದಿದ್ದ.

"ಹಳೇ ಇಂಜಿನ್ನಿಗೆ ಬಣ್ಣ ಬಳದು ಕೊಟ್ಟೀರಿ, ಮಾವ. ಇಬ್ಬರು ಕುಂತರ ಏರಿನಾಗ ಎಮ್ಮಿ ಹಂಗ ನಿಂದರತದ."

ಅಪ್ಪ ಅವನಿಗೆ ಕುರ್ಚಿ ಎಳೆದು ಹಾಕಿದರು. ನಾನು ಕೇಳಿದೆ: "ಸೈಲೆನ್ಸರಿನ ಜಾಳಿ ಎಲ್ಲಿ, ಭಾವ?"

"ತಗಿಸೀನಿ. ಮೂಗು ಕಟ್ಟಿದ ಕುದುರಿ ಓಡತದೇನೋ? ನೀ ಪುಸ್ತಕದ ಹುಳ, ಸುಮ್ಕಿರು."

ಜಾಳಿ ಎಂದರೆ ಸೈಲೆನ್ಸರಿನ ಹಿಂಬಾಯಿಯೊಳಗೆ ಕೂರುವ, ತೂತು ತೂತಿನ ಕೊಳವೆ. ಅದನ್ನು ಕಿತ್ತರೆ ಹೊಗೆ ಸಲೀಸಾಗಿ ಹೋಗಿ ಶಕ್ತಿ ಹೆಚ್ಚುತ್ತದೆ ಎಂದು ಊರಿನ ಪಡ್ಡೆಗಳೆಲ್ಲ ನಂಬಿದ್ದರು. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಹಾಗಲ್ಲ. ಹೊಗೆ ಹೊರಡುವ ಬಾಗಿಲು ತೆರೆದಿರುವಾಗಲೇ ಹೊಸ ಪೆಟ್ರೋಲು ಒಳಗೆ ಬರುತ್ತಿರುತ್ತದೆ. ಸೈಲೆನ್ಸರಿನಿಂದ ಮರಳುವ ಒತ್ತಡ ಅದನ್ನು ಒಳಗೇ ತಡೆದಿಡುತ್ತದೆ. ಆ ತಡೆ ಹೋದರೆ ಸುಡದ ಪೆಟ್ರೋಲೂ ಹೊಗೆಯ ಜೊತೆ ಹೊರಗೆ. ಬಯಲು ರಸ್ತೆಯಲ್ಲಿ ಪೂರ್ತಿ ತಿರುವಿದಾಗ ಗಾಡಿ ಚೂರು ಜೋರಾಗಬಹುದು. ನಿಧಾನದಲ್ಲಿ ಎಳೆಯುವ ಬಲವೇ ಉಡುಗುತ್ತದೆ. ಸದ್ದು ಮಾತ್ರ ದುಪ್ಪಟ್ಟು. ಭಾವನೂ ಹಾಗೇ ಇದ್ದ.

ಜಾಳಿ ಕಿತ್ತದ್ದು ರಾಜೇಶ್ವರದ ಗಾಡಿ ಮಿಸ್ತ್ರಿ. ಅಕ್ಕನನ್ನು ಬಿಡಲು ಬಂದಾಗಿನ ಸದ್ದಿಗೇ ಅನುಮಾನ ಬಂದು, ಅವನಿಂದ ಅದನ್ನು ಹಿಂದಿನ ವಾರವೇ ತಂದಿಟ್ಟಿದ್ದೆ. ಎರಡೂ ಬಗೆಯಲ್ಲಿ ಏರು ಹತ್ತಿಸಿ ನೋಡೋಣ ಎಂದೆ. ಮಾಣಿಕನಗರದ ಆಚೆಯ ಏರಿನ ತುದಿಯಲ್ಲಿ ಅಪ್ಪ, ಅವರ ತಮ್ಮ ಕಾಕಾ ಸಾಕ್ಷಿಗೆ ನಿಂತರು. ಭಾವನ ಹಿಂದೆ ನಾನು ಕುಳಿತೆ. ಜಾಳಿಯಿಲ್ಲದ ಬರಿಬಾಯಿಯಲ್ಲಿ ಅರ್ಧ ಏರಿಗೆ ಗಾಡಿ ಕೆಮ್ಮಿ ನಿಂತಿತು. ಜಾಳಿ ಕೂರಿಸಿದ ಮೇಲೆ ಎರಡನೇ ಗೇರಿನಲ್ಲೇ ತುದಿ ಮುಟ್ಟಿತು. ಎರಡನ್ನೂ ಅಲ್ಲೇ ಬರೆದುಕೊಂಡೆ.

"ಈಗ ಏನಂತೀರಿ, ಅಳಿಯಂದ್ರ?" ಎಂದರು ಕಾಕಾ.

"ಹೊಲಿಗಿ ಮಷೀನ್ ಆತು," ಎಂದು ಭಾವ ಉಗುಳಿದ. ಆದರೆ ಬೇರೆ ಗಾಡಿಯ ಮಾತು ಮತ್ತೆ ಎತ್ತಲಿಲ್ಲ. ಸಂಜೆ ಅಕ್ಕನನ್ನು ಕರೆದೊಯ್ಯುವುದೆಂದಾಯಿತು.

ನಾನು ಗೆದ್ದ ಉಮೇದಿನಲ್ಲಿ ಅಡುಗೆಮನೆಗೆ ಹೋದೆ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ತಮ್ಮಾ, ಅದನ್ನ ತಗದು ಬಿಡು."

"ಯಾಕ? ಈಗರ ಗಾಡಿ ಸರಿ ಆಗ್ಯಾದ!"

"ಗಾಡಿ ಒದರಿದ್ರ ಓಣಿ ತುದಿಗೇ ಕೇಳತದ. ಅಷ್ಟರಾಗ ಚಹಾ ಇಟ್ಟಿರತೀನಿ, ಕೂಸಿನ್ನ ಬಾಜೂ ಮನಿಗೆ ಕೊಟ್ಟಿರತೀನಿ. ಜಾಳಿ ಇದ್ದಾಗ ಸದ್ದಿಲ್ದ ಬಂದ ದಿನದ್ದು ಇದು." ಬಳೆ ಸರಿಸಿದಳು. ಮುಂಗೈ ಮೇಲೆ ಸುಟ್ಟ ಗುರುತಿತ್ತು.

ಅಪ್ಪನಿಗೆ ಹೇಳಿದೆ. "ಗಂಡನ ಮನಿ ಅಂದ್ರ ಹಂಗs ಇರತದ," ಎಂದರು. ಆ ಮಾತನ್ನೂ ಬರೆದಿಟ್ಟಿದ್ದೇನೆ.

ಭಾವ ಎರಡನೇ ಸಲ ಹೋಳಿಗೆ ಬಡಿಸಿಕೊಳ್ಳುತ್ತಿದ್ದಾಗ ನಾನು ಸ್ಕ್ರೂ ಬಿಚ್ಚಿ ಜಾಳಿ ಎಳೆದುಕೊಂಡೆ. ಸಂಜೆ ಭಾವ ಕಿಕ್ ಹೊಡೆದಾಗ ಇಡೀ ಓಣಿ ನಡುಗಿತು. "ಹಾಂ, ಇದು ಗಂಡಸರ ಗಾಡಿ!" ಎಂದು ಅವನು ಹಲ್ಲು ಕಿರಿದ. ಅಕ್ಕ ಕೂಸನ್ನೆತ್ತಿಕೊಂಡು, ನನ್ನತ್ತ ನೋಡಿ ಹಿಂದೆ ಹತ್ತಿದಳು.

ಏರಿನಲ್ಲಿ ಈಗಲೂ ಆ ಗಾಡಿ ನಿಲ್ಲುತ್ತದೆ, ಅಕ್ಕ ಇಳಿದು ನಡೆಯುತ್ತಾಳೆ. ಆ ಸಿಟ್ಟೂ ಅವಳ ಮೇಲೆಯೇ ತೀರುತ್ತದೆ. ಎಳೆಯುವ ಬಲ ಕುಗ್ಗದಂತೆ, ಸದ್ದು ಮಾತ್ರ ಓಣಿಯ ತುದಿಗೆ ಮುಟ್ಟುವಂತೆ ಸೈಲೆನ್ಸರನ್ನು ಹೇಗೆ ಕೊರೆಯಬೇಕು? ಬಲ್ಲವರು ಯಾರಾದರೂ ಇದ್ದರೆ, ತೂತಿನ ಅಳತೆ ಸಹಿತ ನನಗೆ ಬರೆದು ತಿಳಿಸಿರಿ.