ಖಾಲಿಯ ಮೇಲೆ ಬಿದ್ದ ಚಪ್ಪಾಳೆ

ವಿಡಿಯೊ ಶುರುವಿಗೆ ಬೇರೆ ಚಪ್ಪಾಳೆ ಬೇಡ ಎಂದವರು ಯಾರು ಎನ್ನುವುದು ನನಗೆ ಈಗಲೂ ಖಚಿತವಿಲ್ಲ. ಅಕ್ಕನೇ ನಕ್ಕು, "ಹತ್ತು ನಿಮಿಷ ಅದನ್ನೇ ಬಡೀತೀನಿ, ಮತ್ತೊಂದು ಯಾಕೋ?" ಎಂದಳೆಂದು ನನ್ನ ನೆನಪು. ಆ ಮಾತು ನನ್ನದೇ ಎಂದು ಅವಳು ಹೇಳುತ್ತಾಳೆ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು. ಒಬ್ಬನೇ ಸಾಕ್ಷಿಯನ್ನು ನಂಬುವುದಿಲ್ಲ, ಆ ಸಾಕ್ಷಿ ನಾನೇ ಆದರೂ.

ಅಕ್ಕ ಖರಾಡಿ ಬಡಾವಣೆಯ ಒಂದು ಶಾಲೆಯಲ್ಲಿ ಸಂಗೀತ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಎಷ್ಟೋ ವರ್ಷ ಕೊಂಢವಾ ಬಡಾವಣೆಯ ತನ್ನ ಮನೆಯಲ್ಲೇ ಪಾಠ ಹೇಳಿದವಳಿಗೆ ಅದು ಸಿಕ್ಕಿದ್ದರೆ ಮೊದಲ ಕಾಯಂ ನೌಕರಿ. ಹದಿನಾರು ಮಾತ್ರೆಗಳ, ಅಂದರೆ ಹದಿನಾರು ಎಣಿಕೆಗಳ, ತೀನ್‌ತಾಲ ಕಲಿಸುವ ವಿಡಿಯೊ ಕಳಿಸಿ, ಕೈಗಳು ಸ್ಪಷ್ಟ ಕಾಣಲಿ ಎಂದಿದ್ದರು. ನಾನು ಎಷ್ಟು ವಿಧೇಯನೆಂದರೆ ಅವಳನ್ನು ಕುತ್ತಿಗೆಯಿಂದ ಕೆಳಗಷ್ಟೇ ಚಿತ್ರೀಕರಿಸಿದೆ. ಫೋನಿನಲ್ಲಿ ಫ್ಯಾನಿನ ಸದ್ದೂ ಬರುತ್ತದೆಂದು ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದೆ. ಎರಡನ್ನೂ ಹೊಂದಿಸಲು ಶುರುವಿನಲ್ಲಿ ಒಂದು ಒಂಟಿ ಚಪ್ಪಾಳೆ ಬೇಕು: ಕೈ ಕೂಡುವ ಚಿತ್ರ ಸಿಕ್ಕಲ್ಲಿಗೆ ಅದರ ಸದ್ದನ್ನು ಸರಿಸಿಟ್ಟರಾಯಿತು. ಅದಿರಲಿಲ್ಲ. ತಾಳದ ಚಪ್ಪಾಳೆಗಳಲ್ಲೇ ಒಂದನ್ನು ಹಿಡಿದು ಜೋಡಿಸಿದೆ. ತುಟಿ ಕಾಣದ್ದರಿಂದ ಎಲ್ಲ ಸರಿಯೆನಿಸಿತು. ಅಥವಾ ಏನೋ ಸರಿಯಿಲ್ಲ ಎಂದು ಆಗಲೇ ಅನಿಸಿತ್ತೇ?

ವಾರದ ಬಳಿಕ ಶಾಲೆಯಿಂದ ಅಕ್ಕನಿಗೆ ಫೋನ್ ಬಂತು. ತಾಳದ ಮೊದಲ ಪಾಠದಲ್ಲೇ ತಪ್ಪಿದೆ ಎಂದರಂತೆ. ನಾನು ಹೋದಾಗ ಅವಳು ಮಂಕಾಗಿದ್ದಳು. "ನಾನೇ ತಪ್ಪಿರಬೇಕು ತಮ್ಮಾ. ಕ್ಯಾಮೆರಾ ಅಂದ್ರ ಭಾಳ ಹೆದರಿಕಿ ನನಗ." ನಾನು ಹೂಂ ಅಂದೆನೋ, ಇಲ್ಲ ಅಂದೆನೋ, ಗೊತ್ತಿಲ್ಲ.

ಇಬ್ಬರೂ ಕೂತು ವಿಡಿಯೊ ನೋಡಿದೆವು. ಒಂದು, ಐದು, ಹದಿಮೂರನೇ ಮಾತ್ರೆಗಳಿಗೆ ಚಪ್ಪಾಳೆ; ಒಂಬತ್ತನೇ ಮಾತ್ರೆ ಖಾಲಿ. ಅಲ್ಲಿ ಚಪ್ಪಾಳೆಯಿಲ್ಲ, ಅಂಗೈ ಸದ್ದಿಲ್ಲದೆ ಮೇಲಕ್ಕೆ ತಿರುಗಬೇಕು. ಅವಳ ಅಂಗೈ ತಿರುಗಿತು. ಠಪ್ ಎಂದು ಚಪ್ಪಾಳೆ ಕೇಳಿತು.

"ಇದೇನೋ! ಗಾಳಿಗೆ ಹೊಡದ್ರ ಚಪ್ಪಾಳಿ ಕೇಳಸ್ತದೇನು?"

ಐದನೇ ಮಾತ್ರೆಯ ಕೈಗೆ ಒಂದನೇ ಮಾತ್ರೆಯ ಸದ್ದು ಕೂಡಿಸಿದ್ದೆ. ಅಲ್ಲಿಂದ ಕೊನೆಯವರೆಗೂ ಎಲ್ಲ ನಾಲ್ಕು ಮಾತ್ರೆ ಆಚೀಚೆ.

"ಅಷ್ಟೆಲ್ಲಾ ಓದೀಯಲ್ಲೋ, ಹದಿನಾರರ ತನಕ ಎಣಸ್ಲಿಕ್ಕೆ ಬರೂದಿಲ್ಲೇನು?" ಎಂದು ನಕ್ಕಳು. ನಿರಾಳವಾಗಿ ನಕ್ಕಳು ಎಂದುಕೊಂಡಿದ್ದೇನೆ. ಅಂದೇ ಸಂಜೆ ಕುಳಿತು ವಿಡಿಯೊ ಸರಿಪಡಿಸಿದೆ.

ತಪ್ಪು ನನ್ನದೆಂದು ಕೂಡಲೇ ಶಾಲೆಗೆ ಇಮೇಲ್ ಬರೆದೆ ಎಂದೇ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಿನ್ನೆಯಷ್ಟೇ ಬೇರೆಯವರನ್ನು ತೆಗೆದುಕೊಂಡೆವು ಎಂದು ಅವರು ಅಂದೇ ಉತ್ತರಿಸಿದ್ದರು. ಈ ಕತೆ ಹೇಳುವಾಗ ಅಕ್ಕ ಎದ್ದು ಒಳಗೆ ಹೋಗುತ್ತಾಳೆ, ತಿದ್ದುವುದಿಲ್ಲ. ಹೋದ ವಾರ ಹಳೆಯ ಇಮೇಲ್ ತೆರೆದು, ಸರಿಪಡಿಸಿದ ವಿಡಿಯೊದ ತಾರೀಖಿನ ಪಕ್ಕ ಇಟ್ಟು ನೋಡಿದೆ. ನಾನು ಬರೆದದ್ದು ಆರು ದಿನ ಬಿಟ್ಟು.