ದಪ್ಪ ತಂತಿಯ ಗರಗರ

ಬಣಕಲ್‌ನ ಆ ರೇಡಿಯೋ ರಿಪೇರಿ ಅಂಗಡಿಯಲ್ಲಿ ಅವತ್ತು ಇದ್ದವರು ಮೂವರು: ನಾನು, ನನ್ನ ಅಕ್ಕನ ಗಂಡ ಅಂದರೆ ಭಾವ, ಮತ್ತು ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಅಂಗಡಿಯ ಯಜಮಾನರು. ನಡುವೆ ಮೇಜಿನ ಮೇಲೆ ನಮ್ಮ ಗಿಟಾರಿನ ವಾಲ್ವ್ ಆಂಪ್ಲಿಫೈಯರ್. ತೊಂಬತ್ತರ ದಶಕದ ಮಳೆಗಾಲ. ಹೊರಗೆ ಬಸ್ಸುಗಳು ಕೆಸರು ಹಾರಿಸಿಕೊಂಡು ಹೋಗುತ್ತಿದ್ದವು. ಒಳಗೆ ನಾವು ಒಬ್ಬರ ಮುಖ ಒಬ್ಬರು ನೋಡದೆ ಆ ಪೆಟ್ಟಿಗೆಯನ್ನೇ ನೋಡುತ್ತಾ ನಿಂತಿದ್ದೆವು.

ಆಂಪ್ ಭಾವನದು. ತೋಟ ಮಾರಿ ಹೊರಟವರೊಬ್ಬರ ಬಂಗಲೆಯಿಂದ ತಂದದ್ದು. ಬಾಳೂರಿನ ಭಾವನ ಮನೆಯಲ್ಲಿ ಸಂಜೆ ಸಂಜೆ ನಮ್ಮ ಆರ್ಕೆಸ್ಟ್ರಾದ ಅಭ್ಯಾಸ. ನಾನು ಗಿಟಾರ್, ಭಾವ ಹಾಡು. ಸದ್ದು ಸೊರಗಿದಾಗ ಕಾಕಾ ಬಲ್ಬಿನ ಹಾಗೆ ಉರಿದು ಬಿಸಿಯಾಗುವ ಗಾಜಿನ ಬುರುಡೆ, ಅಂದರೆ ಹೊಸ ವಾಲ್ವ್ ಹಾಕಿ, ಬಿಸಿ ಹೊರಗೆ ಹೋಗಲಿ ಎಂದು ಹಿಂದಿನ ಹಲಗೆಯನ್ನು ಅರ್ಧ ಕೊಯ್ದು ತೆಗೆದು ಕೊಟ್ಟಿದ್ದರು. ವಾರದೊಳಗೆ ಶುರುವಾಯಿತು. ದಪ್ಪ ತಂತಿ ಮೀಟಿದರೆ ಸಾಕು, ಒಳಗಿನಿಂದ ಗರಗರ. ಸಣ್ಣ ತಂತಿಗಳು ಚೊಕ್ಕ. ಕೆಳಗಿನ ಸ್ವರಕ್ಕೆ ಮಾತ್ರ ಗಂಟಲಲ್ಲಿ ಕಫ ಕಟ್ಟಿದ ಹಾಗೆ.

"ಸ್ಪೀಕರ್ ಬದಲಾಯ್ಸಿದಾನೆ ಮಾರಾಯ. ಒಳ್ಳೆ ಮಾಲು ತೆಗ್ದು ಯಾವ್ದೋ ಹರಕಲು ತುರುಕಿದಾನೆ."

ಇದನ್ನು ಭಾವ ನನ್ನೊಬ್ಬನೆದುರು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಣಕಲ್‌ನ ಹೋಟೆಲಿನಲ್ಲೂ ಹೇಳಿದರು. ಆ ಹೋಟೆಲಿನಲ್ಲಿ ಆಡಿದ ಮಾತು ಮಧ್ಯಾಹ್ನದ ಬಸ್ಸು ಹತ್ತಿ ಎಲ್ಲ ತೋಟಗಳನ್ನೂ ಮುಟ್ಟುತ್ತದೆ. ಕಾಕಾ ಅವರ ಅಂಗಡಿಗೆ ಬರುತ್ತಿದ್ದ ಟೇಪ್‌ರೆಕಾರ್ಡರು, ಟೀವಿಗಳು ಮೂಡಿಗೆರೆ ದಾರಿ ಹಿಡಿದವು. ಹಾಗಾಗಿ ಅವರೇ ಪೆಟ್ಟಿಗೆ ತರಲು ಹೇಳಿಕಳಿಸಿದ್ದರು.

"ಮೀಟು" ಎಂದರು ನನಗೆ. ಮೀಟಿದೆ. ಗರಗರ ಇಲ್ಲವೇ ಇಲ್ಲ!

"ಎಲ್ಲಿದೆ ಗೌಡ್ರೇ?"

"ಇಲ್ಲಿ ಮಾಡಲ್ಲ. ಮನೇಲಿ ಮಾಡ್ತದೆ" ಎಂದರು ಭಾವ.

"ಅಂದ್ರೆ ನನ್ನ ಕಂಡ್ರೆ ಅದಕ್ಕೆ ಹೆದ್ರಿಕೆ?"

"ನಿಮ್ಮೆದ್ರು ಸುಮ್ನಿರೋ ಹಾಗೆ ನೀವೇ ಏನೋ ಮಾಡಿಟ್ಟಿರ್ಬೇಕು."

ಕಾಕಾ ಪೆನ್ಸಿಲ್ಲಿನಿಂದ ಒಂದೊಂದೇ ವಾಲ್ವನ್ನು ತಟ್ಟಿ ಕಿವಿಗೊಟ್ಟರು, ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದರು, ಸೈಕಲ್ ಟ್ಯೂಬ್ ಕತ್ತರಿಸಿ ಸ್ಪೀಕರಿನ ಅಂಚಿಗೆ ಕೊಟ್ಟರು. ಆಮೇಲೆ ಕೇಳಿದರು: "ನಂಗೂ ಒಂದು ಅನುಮಾನ ಇದೆ. ಮನೇಲಿ ನೀವೇ ಏನಾದ್ರೂ ಕೈಯಾಡ್ಸಿದ್ರಾ?"

"ಹಿಂದೆ ಕೈ ಹಾಕ್ಬೇಡಿ, ಕರೆಂಟು ಎತ್ತಿ ಎಸೀತದೆ ಅಂದೋರು ನೀವೇ ಅಲ್ವಾ? ಆ ಕಡೆ ಇಣುಕೂ ನೋಡಿಲ್ಲ."

ಅದು ನಿಜ. ಹೆದರಿ ಇಣುಕಿಯೂ ಇರಲಿಲ್ಲ.

ಮನೆಗೆ ತಂದ ಮರುದಿನ ಸಂಜೆ ಮತ್ತೆ ಗರಗರ. ಭಾವನ ಮುಖದಲ್ಲಿ ಕೇಸು ಗೆದ್ದ ಕಳೆ. ಸುದ್ದಿ ಕೇಳಿದ ಕಾಕಾ ಅಂಗಡಿ ಬಾಗಿಲು ಹಾಕಿ, ಯಾರದೋ ಜೀಪಿನಲ್ಲಿ ಬಾಳೂರಿಗೆ ಬಂದೇಬಿಟ್ಟರು. ನಾನು ಮೀಟಿದೆ, ಗರಗರವನ್ನು ಅವರೇ ಕಿವಿಯಾರೆ ಕೇಳಿದರು. ಅಂಗೈ ಒತ್ತಿ ಪೆಟ್ಟಿಗೆಯ ಒಂದೊಂದು ಹಲಗೆಯನ್ನೂ ಹಿಡಿದು ನೋಡಿದರು. ಭಾವ ಪಕ್ಕದಿಂದ ಕದಲಲಿಲ್ಲ.

"ಕೈ ನೋಡ್ತಿದ್ದೀರಾ ಗೌಡ್ರೇ? ನೋಡಿ ನೋಡಿ, ಅಂಗಿ ತೋಳು ಮಡಚ್ಕೊಂಡೇ ಬಂದಿದೀನಿ."

ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಕಾದು, ಹಿಂದಿನ ಕಿಂಡಿಗೆ ಟಾರ್ಚ್ ಬಿಟ್ಟರು. ಕೈ ಹಾಕಿ ಬಿಸ್ಕತ್ತಿನ ಒಂದು ಹಳೆಯ ತಗಡಿನ ಡಬ್ಬಿ ಎಳೆದರು. ಮುಚ್ಚಳ ತೆಗೆದರೆ ಒಳಗೆಲ್ಲ ಬೆಂಕಿಪೆಟ್ಟಿಗೆ.

ಅಡುಗೆಮನೆಯಿಂದ ಭಾವನ ತಾಯಿ, ನನ್ನ ಬಾಯಲ್ಲಿ ಅತ್ತೆ, ಓಡಿಬಂದರು. "ಅಯ್ಯೋ ಅದು ನಂದು! ಅಲ್ಲೇ ಇರ್ಲಿ, ಥಂಡಿ ಹಿಡೀತದೆ."

ನಮ್ಮ ಕಡೆ ಆಷಾಢದಲ್ಲಿ ಕಡ್ಡಿ ಗೀರಿದರೆ ಮದ್ದು ಉದುರುತ್ತದೆಯೇ ಹೊರತು ಹತ್ತುವುದಿಲ್ಲ. ಹಿಂದೆ ವಾಲ್ವ್ ರೇಡಿಯೋ ಇದ್ದ ಮನೆಯಲ್ಲೆಲ್ಲ ಬೆಂಕಿಪೆಟ್ಟಿಗೆಯ ಜಾಗ ಅದರ ಬೆನ್ನ ಹಿಂದೆ, ಬೆಚ್ಚಗೆ. ಟ್ರಾನ್ಸಿಸ್ಟರ್ ಬಂದು ಆ ಬಿಸಿ ಹೋಯಿತು. ಕಾಕಾ ಹಲಗೆ ಕೊಯ್ದ ಮೇಲೆ ಅತ್ತೆಗೆ ಅದೇ ಬಿಸಿ ಮತ್ತೆ ಸಿಕ್ಕಿತ್ತು. ವಾಲ್ವಿನ ಪಕ್ಕದ ತಗಡಿನ ಮೇಲೆ ಈ ಡಬ್ಬಿಯ ತಗಡು. ದಪ್ಪ ತಂತಿಗೆ ಎರಡೂ ಸೇರಿ ನಡುಗುತ್ತಿದ್ದವು.

"ಮತ್ತೆ ಅಂಗಡಿಗೆ ತಗೊಂಡ್ಹೋದಾಗ?" ಎಂದೆ.

"ಆಗ ತೆಗ್ದಿಟ್ಕೊಂಡಿದ್ದೆ ಕಣಾ. ಅದೂ ಪೇಟೆಗೆ ಹೋದ್ರೆ ನಾನು ಒಲೆ ಹಚ್ಚೋದು ಹ್ಯಾಗೆ?"

"ಅಮ್ಮಾ, ಮುಟ್ಟಿದ್ರೆ ಸಾಯೋ ಕರೆಂಟದು! ಅಲ್ಲಿ ಬೆಂಕಿಪೆಟ್ಟಿಗೆ ಇಡೋದಾ?" ಕಾಕಾ ಬೆಂಕಿಪೆಟ್ಟಿಗೆಗಳನ್ನೆಲ್ಲ ದೂರಕ್ಕೆ ಸುರಿದರು.

"ನಂಗ್ಯಾರು ಹೇಳಿದ್ರು? ಇವ್ರಿಬ್ರಿಗೆ ಮಾತ್ರ ಹೇಳಿದ್ರಿ."

ಭಾವ ಆಗಲೂ ಒಪ್ಪಲಿಲ್ಲ. "ಡಬ್ಬಿಯಿಂದ್ಲೇ ಅಂತ ಏನು ಗ್ಯಾರಂಟಿ?" ಕಾಕಾ ಖಾಲಿ ಡಬ್ಬಿಯನ್ನು ಅಲ್ಲೇ ಇಟ್ಟು ಆಂಪ್ ಹಚ್ಚಿ ಮೀಟಿಸಿದರು: ಗರಗರ. ಪ್ಲಗ್ ಕಿತ್ತು ಡಬ್ಬಿ ತೆಗೆಸಿ ಮತ್ತೆ ಮೀಟಿಸಿದರು: ಸ್ವರ ತಿಳಿನೀರು. ಅತ್ತೆ ಕಾಫಿ ತಂದರೆ ಲೋಟ ಮುಟ್ಟಲಿಲ್ಲ. "ಕಾಫಿ ಬೇಡಮ್ಮ. ಗೌಡ್ರೇ, ಹೋಟೆಲಲ್ಲಿ ಹೇಳಿದ್ರಲ್ಲ, ಇದನ್ನೂ ಅಲ್ಲೇ ಹೇಳಿ."

ಮುಂದಿನ ಸಂತೆಯ ದಿನ ಭಾವ ಅದೇ ಹೋಟೆಲಿನಲ್ಲಿ ಹೇಳಿದರು, ಡಬ್ಬಿಯ ಸಮೇತ. ಕೇಳಿದವರು ಪರಸ್ಪರ ಕಣ್ಣು ಮಿಟುಕಿಸಿದರು. "ಒಳಗಿಂದೊಳಗೆ ರಾಜಿ ಆಯ್ತಾ ಗೌಡ್ರೇ?" ಎಂದರೊಬ್ಬರು. ಭಾವ ಆಣೆ ಹಾಕಿದಷ್ಟೂ ನಗು ಜಾಸ್ತಿಯಾಯಿತು. ಮೂಡಿಗೆರೆಗೆ ಹೋದ ಟೀವಿಗಳು ವಾಪಸು ಬರಲಿಲ್ಲ.

ಮಳೆ ಬಿಟ್ಟ ಮೇಲೆ ಕಾಕಾ ಬಣಕಲ್‌ನ ಅಂಗಡಿ ಖಾಲಿ ಮಾಡಿ ಆಲ್ದೂರಿಗೆ ಹೋದರು. ಮಾರನೆಯ ವರ್ಷ ಆಂಪಿನ ಒಂದು ವಾಲ್ವ್ ಸುಟ್ಟಿತು. ಭಾವ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಬದಲಾಯಿಸುತ್ತಾ ಆಲ್ದೂರಿಗೇ ಹೋದರು. ಕಾಕಾ ರಿಪೇರಿ ಮಾಡಿಕೊಟ್ಟರು.