ಬಿತ್ತುವ ಜೋಳದ ರೊಟ್ಟಿ

೧೯೮೪ನೇ ಇಸವಿ. ಹುಬ್ಬಳ್ಳಿಯಲ್ಲಿ ಬೆಳೆದ ನಾನು ಮದುವೆಯಾಗಿ ನವಲಗುಂದದ ಹತ್ತಿರದ ಹಳ್ಳಿಗೆ ಬಂದು ನಾಲ್ಕೇ ತಿಂಗಳಾಗಿತ್ತು. ಹಿಂಗಾರಿ ಬಿತ್ತನೆಗೆ ಇನ್ನೆರಡು ದಿನ ಬಾಕಿ. ಅತ್ತೆ ಹೊಲಕ್ಕೆ ಹೋಗಿದ್ದಾಗ ನಾದಿನಿಯ ಗಂಡನ ಮನೆಯವರು ಏಳು ಮಂದಿ ಹೇಳದೆ ಕೇಳದೆ ಬಂದರು. ಹಿಟ್ಟು ಮುಗಿದಿತ್ತು, ಚೀಲದ ತಳದಲ್ಲಿದ್ದದ್ದು ಬರೀ ಹುಳುಕು ಜೋಳ. ಮೂಲೆಯ ಗಡಿಗೆಯೊಂದರ ಬಾಯಿಗೆ ಸಗಣಿ ಮೆತ್ತಿತ್ತು. ತೆಗೆದು ನೋಡಿದರೆ ಬೂದಿ, ಬೇವಿನೆಲೆಯ ನಡುವೆ ಮುತ್ತಿನಂಥ ಜೋಳ! ಹುಳು ಹಿಡಿಯದಿರಲೆಂದು ಇಟ್ಟಿದ್ದಾರೆ ಅಂದುಕೊಂಡೆ. ನಾನು ಜಾಣೆ ಎಂಬ ಜಂಬ ಬೇರೆ. ಅಷ್ಟನ್ನೂ ಮೊರದಲ್ಲಿ ಕೇರಿ, ಗಿರಣಿಯಲ್ಲಿ ಬೀಸಿಸಿಕೊಂಡು ಬಂದೆ.

ಬೀಗರು ಚಪ್ಪರಿಸಿ ಉಣ್ಣುವಾಗ ಅತ್ತೆ ಬಂದರು. ಬರಿದಾದ ಗಡಿಗೆ ನೋಡಿ ಅವರ ಮುಖ ಬಿಳಿಚಿಕೊಂಡಿತು. ಆದರೂ ರೊಟ್ಟಿಬುಟ್ಟಿ ಎತ್ತಿಕೊಂಡು, "ಬೀಗರ, ಇನ್ನೊಂದ ರೊಟ್ಟಿ ಹಾಕಸ್ಕೋರಿ" ಎಂದು ಬಡಿಸಿದರು.

ಬೀಗರು ಹೋದ ಮೇಲೆಯೇ ನನಗೆ ಹೇಳಿದ್ದು. ಅದು ಹಿಂದಿನ ಸುಗ್ಗಿಯಲ್ಲಿ ತೆನೆ ತೆನೆ ಆರಿಸಿ ಇಟ್ಟ ಬೀಜವಂತೆ. ಬಿತ್ತದಿದ್ದರೆ ಬರುವ ವರ್ಷ ಮನೆಮಂದಿಗೆ ರೊಟ್ಟಿಯೇ ಇಲ್ಲ. ನನಗೆ ಅಳು ಕಿತ್ತುಕೊಂಡು ಬಂತು.

"ಅಳಬ್ಯಾಡ, ಸುಮ್ನಿರು. ಹೊಟ್ಟಿಗೇ ಹೋಗೇತಿ, ಹಳ್ಳಕ್ಕೇನ ಹೋಗಿಲ್ಲ. ನಡಿ, ಬೀಜಾ ಕೇಳಾಕ ಹೋಗೂಣು" ಎಂದರು.

ಆ ಊರಲ್ಲಿ ಬೀಜವನ್ನು ಯಾರೂ ಮಾರುತ್ತಿರಲಿಲ್ಲ. ಕೇಳಿ ಬಂದವರ ಉಡಿಗೆ ಹಾಕುತ್ತಿದ್ದರು. ಸುಗ್ಗಿಯಲ್ಲಿ ಒಂದು ಹಿಡಿ ಹೆಚ್ಚು ಸೇರಿಸಿ ಮರಳಿಸಬೇಕು, ಅಷ್ಟೇ. ಇನ್ನು ಮನೆಮನೆಯಲ್ಲೂ ನನ್ನ ಮಾನ ಹರಾಜು ಎಂದುಕೊಂಡೇ ಅತ್ತೆಯ ಹಿಂದೆ ನಡೆದೆ. ಮೊದಲ ಮನೆಯ ಬಾಗಿಲಲ್ಲೇ ಅತ್ತೆ, "ಏನ್ ಹೇಳಲೆವ್ವಾ, ನನ್ನ ಬುದ್ಧಿಗಿ ಮಂಕ ಕವಿದಿತ್ತು. ಬೀಜದ ಜ್ವಾಳಾನ ಗಿರಣಿಗೆ ಹಾಕಿಬಿಟ್ಟೆ!" ಎಂದರು. ಇಡೀ ಓಣಿಗೆ ಬೀಜ ಆರಿಸಿಕೊಡುತ್ತಿದ್ದ ಹೆಂಗಸು! ನಾಲ್ಕು ಮನೆಗಳಲ್ಲೂ ಅದೇ ಮಾತು. ಐದನೆಯ ಮನೆಯಲ್ಲಿ ನನಗೆ ತಡೆಯಲಾಗಲಿಲ್ಲ.

"ಅವರಲ್ರಿ, ಬೀಸಿಸಿದಾಕಿ ನಾನ್ರಿ" ಎಂದುಬಿಟ್ಟೆ.

ಆ ಮನೆಯ ಅಜ್ಜಿ ನಕ್ಕು, "ಗೊತ್ತೈತಿ ತಗೋ. ನಿಮ್ಮತ್ತಿ ಬೀಜಾ ಬೀಸ್ತಾಳಂದ್ರ ಯಾರ ನಂಬ್ತಾರ?" ಎಂದು ಇನ್ನೊಂದು ಬೊಗಸೆ ಹಾಕಿದಳು.

ಐದು ಮನೆಯ ಬೀಜ ಬೆರೆಸಿ ಬಿತ್ತಿದೆವು. ಒಂದೊಂದು ಮನೆಯದು ಒಂದೊಂದು ಹೊತ್ತಿಗೆ ತೆನೆ ಬಿಟ್ಟಿತು. ಆ ವರ್ಷ ಮಳೆ ಬೇಗ ಕೈಕೊಟ್ಟಿತು. ತಡವಾಗಿ ತೆನೆ ಬಿಟ್ಟವೆಲ್ಲ ಜೊಳ್ಳು. ಬೇಗ ಬಂದವು ಮಾತ್ರ ಗಟ್ಟಿ ಕಾಳು ಕಟ್ಟಿ, ಹೇಗೋ ವರ್ಷದ ರೊಟ್ಟಿಗೆ ಸಾಕಾದವು. ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಬೀಜವನ್ನು ಬೆರೆಸಿಯೇ ಇಡುವುದು ರೂಢಿಯಾಯಿತು.

ಆ ಸುಗ್ಗಿಯಲ್ಲಿ ಬೀಜಕ್ಕೆ ತೆನೆ ಆರಿಸುವ ದಿನ ನಾನು ದೂರ ನಿಂತಿದ್ದೆ. ಅತ್ತೆ ಕರೆದರು. "ಬಾ ಇಲ್ಲೆ. ಈ ಸಲ ಬೀಜಾ ನೀನ ಆರಿಸು."

"ಮತ್ತ ತಪ್ಪಿದ್ರ ಏನ್ ಮಾಡ್ಲಿರಿ?"

"ತಪ್ಪಿದ್ರ ಊರಾಗ ಮನಿ ಇಲ್ಲೇನು?"

ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಅಂಥ ತಪ್ಪು ಮಾಡಿದವಳ ಕೈಗೇ ಮನೆಮಂದಿಯ ಅನ್ನ ಒಪ್ಪಿಸಿದರಲ್ಲ, ಅದನ್ನು ನೆನೆಯದೆ ಈಗಲೂ ನಾನು ಬೀಜದ ಗಡಿಗೆಯ ಬಾಯಿಗೆ ಸಗಣಿ ಮೆತ್ತುವುದಿಲ್ಲ.